ಬ್ಯಾಶ್, ಗೋ, ಪೈಥಾನ್: ಎರರ್ ಬಂದಾಗ ಯಾವುದು ಬಾಯಿ ಬಿಡುತ್ತದೆ?

ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟಿಗೆ ನನ್ನ ಆಯ್ಕೆ ಪೈಥಾನ್. ಡೇಟಾಬೇಸ್ ಡಂಪ್ (ಪೂರ್ತಿ ನಕಲು) ತೆಗೆದು, ಜಿಜಿಪ್‌ನಿಂದ ಕುಗ್ಗಿಸಿ, ಇನ್ನೊಂದು ಸರ್ವರ್‌ಗೆ ಕಳಿಸುವ ಒಂದೇ ಕೆಲಸವನ್ನು ಬ್ಯಾಶ್, ಗೋ, ಪೈಥಾನ್ ಎಂಬ ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಬರೆದು ನೋಡಿದ್ದೇನೆ. ಎಲ್ಲ ಸರಿಯಿದ್ದಾಗ ಮೂರೂ ಚೆನ್ನಾಗೇ ಓಡುತ್ತವೆ. ನಡುವೆ ಏನಾದರೂ ಕೈಕೊಟ್ಟಾಗಲೇ ಯಾವುದು ಹೇಗೆ ಅಂತ ಗೊತ್ತಾಗುವುದು.

ಬ್ಯಾಶ್‌ನಲ್ಲಿ ಬರೆದದ್ದು ನಾಲ್ಕೈದು ಸಾಲು ಅಷ್ಟೇ. ಡೇಟಾಬೇಸಿನ ಪಾಸ್‌ವರ್ಡ್ ಬದಲಾದಾಗ ಡಂಪ್ ಕಮಾಂಡ್ ಫೇಲ್ ಆಯಿತು. ಆದರೆ ಒಂದು ಕಮಾಂಡಿನ ಔಟ್‌ಪುಟ್ ಮುಂದಿನದಕ್ಕೆ ಹರಿಯುವ ಪೈಪ್‌ಲೈನಿನಲ್ಲಿ ಬ್ಯಾಶ್ ನೋಡುವುದು ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್ (ಮುಗಿಯುವಾಗ ಕೊಡುವ ಸಂಖ್ಯೆ) ಮಾತ್ರ. ಕೊನೆಯಲ್ಲಿದ್ದ ಜಿಜಿಪ್‌ಗೆ ಏನೂ ಬರಲಿಲ್ಲ. ಅದು 20 ಬೈಟಿನ ಖಾಲಿ ಫೈಲ್ ಮಾಡಿ ಸೊನ್ನೆ ಕೊಟ್ಟಿತು. ಸೊನ್ನೆ ಅಂದರೆ ಎಲ್ಲ ಸರಿ ಅಂತ ಅಲ್ವಾ? ಲಾಗ್‌ನಲ್ಲೂ ಬ್ಯಾಕಪ್ ಮುಗಿಯಿತು ಎಂದೇ ಇತ್ತು.

ಕಮಾಂಡ್ ಫೇಲ್ ಆದರೆ ಸ್ಕ್ರಿಪ್ಟ್ ನಿಲ್ಲಿಸುವ ‘ಸೆಟ್ -ಇ’ ಜೊತೆಗೆ, ಪೈಪ್‌ಲೈನಿನ ಯಾವುದೇ ಕಮಾಂಡ್ ಫೇಲ್ ಆದರೂ ಲೆಕ್ಕಕ್ಕೆ ತೆಗೆದುಕೊಳ್ಳುವ ‘ಪೈಪ್‌ಫೇಲ್’ ಹಾಕಿದರೆ ಇದು ಸರಿಹೋಗುತ್ತದೆ. ಆಮೇಲೂ ನೆಮ್ಮದಿಯಿಲ್ಲ. ಫಂಕ್ಷನ್ ಒಳಗೆ ‘ಲೋಕಲ್’ ಅಂತ ವೇರಿಯಬಲ್ ಮಾಡಿ, ಅದೇ ಸಾಲಿನಲ್ಲಿ ಒಂದು ಕಮಾಂಡಿನ ಔಟ್‌ಪುಟ್ ತುಂಬಿಸಿ ನೋಡಿ. ಆ ಕಮಾಂಡ್ ಫೇಲ್ ಆದರೂ ಸ್ಕ್ರಿಪ್ಟ್ ಮುಂದೆ ಹೋಗುತ್ತದೆ. ಯಾಕೆಂದರೆ ‘ಲೋಕಲ್’ ಕೂಡ ಒಂದು ಕಮಾಂಡೇ, ಅದು ಕೊಟ್ಟ ಸೊನ್ನೆಯೇ ಲೆಕ್ಕಕ್ಕೆ ಬರುತ್ತದೆ. ಎರಡು ಸಾಲಾಗಿ ಒಡೆದು ಬರೆದರೆ ನಿಲ್ಲುತ್ತದೆ.

ಇನ್ನೂ ಕಷ್ಟದ್ದು ಇದು: ಫಂಕ್ಷನ್ನನ್ನು ‘ಇಫ್’ನ ಷರತ್ತಾಗಿ ಇಟ್ಟು ಕರೆದರೆ, ಆ ಫಂಕ್ಷನ್ ಪೂರ್ತಿ ‘ಸೆಟ್ -ಇ’ಗೆ ಬೆಲೆಯೇ ಇಲ್ಲ. ಸುಮ್ನೆ ಕರೆದರೆ ನಿಲ್ಲುವ ಅದೇ ಫಂಕ್ಷನ್, ಇಲ್ಲಿ ಎರರ್ ದಾಟಿಕೊಂಡು ಮುಂದಿನ ಸಾಲಿಗೆ ಹೋಗುತ್ತದೆ. ಫಂಕ್ಷನ್ ಬರೆದವರಿಗೆ ಅದನ್ನು ಯಾರು ಹೇಗೆ ಕರೆಯುತ್ತಾರೆ ಅಂತ ಹೇಗೆ ಗೊತ್ತಾಗಬೇಕು?

ಗೋದಲ್ಲಿ ಎರರ್ ಕೂಡ ಫಂಕ್ಷನ್ ವಾಪಸ್ ಕೊಡುವ ಒಂದು ವ್ಯಾಲ್ಯೂ. ಪ್ರತಿ ಕರೆಯ ಕೆಳಗೂ ಅದು ‘ನಿಲ್’ (ಎರರ್ ಇಲ್ಲ) ಹೌದಾ ಅಲ್ವಾ ಅಂತ ನೋಡಬೇಕು. 2019ರ 1.13 ಆವೃತ್ತಿಯಿಂದ ಒಂದು ಎರರನ್ನು ಇನ್ನೊಂದರೊಳಗೆ ಸುತ್ತಿ ಮೇಲಕ್ಕೆ ಕಳಿಸಬಹುದು. ದೊಡ್ಡ ಸರ್ವಿಸ್ ಬರೆಯುವವರಿಗೆ ಇದು ತುಂಬಾ ಒಳ್ಳೆಯದು. ಇಷ್ಟು ಸಣ್ಣ ಕೆಲಸಕ್ಕೆ ಮಾತ್ರ ಟೈಪ್ ಮಾಡುವುದೇ ಜಾಸ್ತಿ.

ಪೈಥಾನ್‌ನಲ್ಲಿ ಎರರ್ ಬಂದಾಗ ಏಳುವ ಎಕ್ಸೆಪ್ಶನ್ನನ್ನು ಯಾರೂ ಹಿಡಿಯದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಯಾವ ಫೈಲ್, ಎಷ್ಟನೇ ಸಾಲು, ಯಾರು ಯಾರನ್ನು ಕರೆದರು, ಎಲ್ಲ ಟ್ರೇಸ್‌ಬ್ಯಾಕ್‌ನಲ್ಲಿ ಇರುತ್ತದೆ. 3.11ರಿಂದ ‘ಆ್ಯಡ್ ನೋಟ್’ ಬಂದಿದೆ. ಯಾವ ಡೇಟಾಬೇಸ್ ತೆಗೆಯುವಾಗ ಬಿತ್ತು ಅಂತ ಎರರ್‌ಗೇ ಒಂದು ಸಾಲು ಅಂಟಿಸುತ್ತೇನೆ. ಅರ್ಧಂಬರ್ಧ ಫೈಲ್ ಅಳಿಸಲು, ಎರರ್ ಬಂದರೂ ಓಡುವ ‘ಫೈನಲಿ’ ಇದೆ.

ಇಲ್ಲೂ ಎರಡು ಕಡೆ ಎಚ್ಚರ ಬೇಕು. ‘ಸಬ್‌ಪ್ರೊಸೆಸ್ ರನ್’ನಲ್ಲಿ ಹೊರಗಿನ ಕಮಾಂಡ್ ಓಡಿಸುವಾಗ ‘ಚೆಕ್’ ಅನ್ನು ‘ಟ್ರೂ’ ಮಾಡಲೇಬೇಕು, ಇಲ್ಲದಿದ್ದರೆ ಅದೂ ಬ್ಯಾಶ್‌ನ ಹಾಗೆ ಸುಮ್ಮನಿರುತ್ತದೆ. ಎಕ್ಸೆಪ್ಶನ್ ಹಿಡಿಯಲು ಯಾವುದೆಂದು ಹೇಳದೆ ಬರೀ ‘ಎಕ್ಸೆಪ್ಟ್’ ಬರೆದರೆ, ಸ್ಕ್ರಿಪ್ಟ್ ನಿಲ್ಲಿಸಲು ಒತ್ತುವ ಕಂಟ್ರೋಲ್-ಸಿ ಕೂಡ ಅದರಲ್ಲೇ ಸಿಕ್ಕಿಬೀಳುತ್ತದೆ.

ನನ್ನ ಸರ್ವರ್‌ನಲ್ಲಿ ಪೈಥಾನ್ ಮೊದಲೇ ಇತ್ತು, ಕಂಪೈಲ್ ಮಾಡಿ ಕಳಿಸುವ ತಾಪತ್ರಯವೂ ಇಲ್ಲ. ಫೈಲ್ ಎತ್ತಿಡುವಂಥ ನಾಲ್ಕು ಸಾಲಿಗೆ ಈಗಲೂ ಬ್ಯಾಶೇ. ಒಂದು ಫಂಕ್ಷನ್ ಬೇಕು ಅನ್ನಿಸಿದ ಕೂಡಲೇ ಪೈಥಾನ್‌ಗೆ ಬದಲಾಯಿಸುತ್ತೇನೆ.