ಹೆರಾಲ್ಡ್ ಕಾರಿನ ತುಕ್ಕಿಗೆ ಯಾವುದು ಮೇಲು: ಬ್ಲಾಸ್ಟಿಂಗಾ, ಗ್ರೈಂಡರಾ, ಕಾಕಂಬಿಯಾ, ಕರೆಂಟಾ, ನಿಂಬೆ ಉಪ್ಪಾ?

ಹಳೇ ಕಾರಿನ ತುಕ್ಕು ಹೇಗೆ ತೆಗೆಯೋದು ಅಂತ ತುಮಕೂರಿನಲ್ಲಿ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುವ ಗೆಳೆಯರು ಬ್ಲಾಸ್ಟಿಂಗ್, ಅಂದರೆ ಗಾಳಿಯ ರಭಸದಲ್ಲಿ ಹರಳು ಹೊಡೆದು ತುಕ್ಕು ಕೀಳುವುದು, ಮಾಡಿಸಿ ಅಂದರು. ಟಿಂಕರಿಂಗ್ ಮೇಸ್ತ್ರಿ ಗ್ರೈಂಡರ್ ಸಾಕು ಅಂದರು. ಟ್ರ್ಯಾಕ್ಟರ್ ರಿಪೇರಿ ಮಾಡುವವರೊಬ್ಬರು ಕಾಕಂಬಿಯಲ್ಲಿ ಮುಳುಗಿಸಿಡಿ ಅಂದರು. ನಾನು ಒಂದೇ ಕಾರಿನ ಬೇರೆ ಬೇರೆ ಭಾಗಗಳ ಮೇಲೆ ಇವೆಲ್ಲವನ್ನೂ ಮಾಡಿ ನೋಡಿದೆ. ಈಗ ಯಾರಾದರೂ ಕೇಳಿದರೆ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಶೀಟ್ ಎಷ್ಟು ದಪ್ಪ ಇದೆ? ತುಕ್ಕು ಇರುವ ಜಾಗ ಕಣ್ಣಿಗೆ ಕಾಣುತ್ತಾ, ಇಲ್ಲ ಒಳಗೆ ಅಡಗಿದೆಯಾ? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ದಾರಿ ಹಿಡಿಯಬೇಕು ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಕಾರು ನಮ್ಮ ದೊಡ್ಡಪ್ಪನದು, ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಬಂದಾಗ ಅದರಲ್ಲಿ ಕೂಪೆಯೂ, ಅಂದರೆ ಗಿಡ್ಡ ಟಾಪಿನ ಎರಡು ಬಾಗಿಲಿನ ಮಾದರಿಯೂ, ಇತ್ತು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನೇ ಇಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ತಯಾರಿಸಿದ್ದು ಸಲೂನ್, ಅಂದರೆ ಮಾಮೂಲಿ ಟಾಪಿನ ಕಾರು. ಆದರೂ ಎರಡೇ ಬಾಗಿಲು, ಇಟಲಿಯ ಜೊವಾನಿ ಮಿಕೆಲೊಟ್ಟಿ ಬರೆದ ಆ ಚೂಪು ಅಂಚುಗಳು, ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಬಾಗುವ ಬಾನೆಟ್ ನೋಡಿದರೆ ಕೂಪೆಯ ಅಂದಕ್ಕೇನೂ ಕಡಿಮೆ ಇಲ್ಲ. ಎಂಜಿನ್ 948 ಸಿಸಿ. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ. ಈ ಕಾರಿಗೆ ಚಾಸಿ, ಅಂದರೆ ಅಡಿಯ ಚೌಕಟ್ಟು ಬೇರೆ, ಬಾಡಿ ಬೇರೆ. ಬಾಡಿಯ ಭಾಗಗಳನ್ನು ಬೋಲ್ಟ್ ಬಿಚ್ಚಿ ಒಂದೊಂದಾಗಿ ಇಳಿಸಬಹುದು. ಅದಕ್ಕೇ ಇಷ್ಟು ವಿಧಾನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಆಯಿತು.

ಕಾರು ವರ್ಷಗಟ್ಟಲೆ ನಿಂತಿದ್ದು ತಿಪಟೂರು ಕಡೆಯ ತೋಟದ ಶೆಡ್ಡಿನಲ್ಲಿ. ನಮ್ಮ ಜಿಲ್ಲೆ ಒಣ ಸೀಮೆ. ಕರಾವಳಿಯ ಉಪ್ಪು ಗಾಳಿ ಇಲ್ಲಿಲ್ಲ. ಹಾಗಾಗಿ ಬಾನೆಟ್ಟು, ಟಾಪು ಚೆನ್ನಾಗೇ ಉಳಿದಿದ್ದವು. ಆದರೆ ಎಡಗಡೆ ಬಾಗಿಲಿಗೆ ಒತ್ತಿಕೊಂಡು ತೆಂಗಿನ ಸಿಪ್ಪೆ ರಾಶಿ ಹಾಕಿದ್ದರು. ಸಿಪ್ಪೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅಲ್ವಾ? ಆ ಕಡೆ ಸಿಲ್ಲು (ಬಾಗಿಲಿನ ಕೆಳಗಿನ ಉದ್ದ ಪಟ್ಟಿ), ಬಾಗಿಲಿನ ಕೆಳ ಅಂಚು, ಕಾಲಿಡುವ ಫ್ಲೋರು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿದ್ದವು. ಬಲಗಡೆ ಬರೀ ಮೇಲ್ಮೈ ತುಕ್ಕು. ಕಬ್ಬಿಣ ತುಕ್ಕಾಗಲು ಗಾಳಿ ಮತ್ತು ತೇವ ಎರಡೂ ಬೇಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಅದಕ್ಕೇ ಬಣ್ಣದ ಕೆಳಗೆ ಮೊದಲು ಗುಳ್ಳೆ ಏಳುತ್ತದೆ. ಗುಳ್ಳೆ ಕಂಡ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಇಳಿದರೆ ಮುಂದೆ ಹೇಳುವ ಯಾವ ಮದ್ದೂ ಆ ಜಾಗಕ್ಕೆ ಅಲ್ಲ. ಅಲ್ಲಿ ಕತ್ತರಿಸಿ ಹೊಸ ಶೀಟ್ ಬೆಸೆಯಲೇಬೇಕು. ಮೇಲೆ ಪುಟ್ಟಿ ಮೆತ್ತಿದರೆ ತುಕ್ಕು ಹಿಂದಿನಿಂದ ತಿನ್ನುತ್ತಲೇ ಇರುತ್ತದೆ.

ಮೊದಲು ಬ್ಲಾಸ್ಟಿಂಗ್. ಚಾಸಿಯನ್ನು ಇದಕ್ಕೇ ಕೊಟ್ಟೆ, ಈಗಲೂ ಅದು ಸರಿಯಾದ ತೀರ್ಮಾನ ಅಂತಲೇ ಅನಿಸುತ್ತದೆ. ಹೆರಾಲ್ಡ್‌ಗೆ ನಡುವೆ ಎರಡು ಮುಖ್ಯ ತೊಲೆಗಳು. ಅವುಗಳಿಂದ ಪಕ್ಕಕ್ಕೆ ಚಾಚಿದ ಕೈಗಳ ಮೇಲೆ ಬಾಡಿ ಕೂರುತ್ತದೆ. ಈ ಕೈಗಳೇ ಮೊದಲು ಕೊಳೆಯುವುದು. ಮೂಲೆ ಮುರುಕು, ವೆಲ್ಡಿಂಗ್ ಗೆರೆ, ಬೋಲ್ಟ್ ತೂತು ಎಲ್ಲ ಕಡೆಗೂ ಕಂಪ್ರೆಸರಿನ ಗಾಳಿಯಲ್ಲಿ ನುಗ್ಗುವ ಗ್ರಿಟ್ ಹೋಗುತ್ತದೆ, ಗ್ರೈಂಡರ್ ಹೋಗುವುದಿಲ್ಲ. ಕೆಲಸ ಮುಗಿದಾಗ ಚಾಸಿ ಬೂದು ಬಣ್ಣದಲ್ಲಿ ಹೊಸದರಂತೆ ಬಂತು. ಎಲ್ಲೆಲ್ಲಿ ಸಣ್ಣ ತೂತಿದೆ ಅನ್ನುವುದೂ ಆಗಲೇ ಗೊತ್ತಾಗಿದ್ದು. ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಒಣ ನದಿ ಮರಳಿನಿಂದ ಹೊಡೆಯುವವರ ಹತ್ತಿರ ಹೋಗಬೇಡಿ. ಮರಳಿನ ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗದ ಕಾಯಿಲೆ. ಗಾರ್ನೆಟ್ ಅಥವಾ ಸ್ಟೀಲ್ ಗ್ರಿಟ್ ಬಳಸುವವರನ್ನೇ ಹುಡುಕಿ. ಹೊಡೆಯುವ ಹುಡುಗ ಮುಖಕ್ಕೆ ಏನು ಹಾಕಿಕೊಂಡಿದ್ದಾನೆ ಅಂತಲೂ ನೋಡಿ.

ಬಾಡಿ ಶೀಟಿಗೆ ಮಾತ್ರ ಬ್ಲಾಸ್ಟಿಂಗ್ ಬೇಡ. ಶೀಟ್ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ. ಗ್ರಿಟ್‌ನ ಏಟಿಗೆ ಮೇಲ್ಮೈ ಹಿಗ್ಗಿ ಅಗಲವಾದ ಶೀಟು ಸೊಟ್ಟಗಾಗುತ್ತದೆ. "ಸಾರ್, ಡಿಕ್ಕಿ ಬಾಗಿಲಿಗೆ ಹೊಡೆಸಿಬಿಟ್ರೆ ಅಲೆ ಬಂದ್ಬಿಡುತ್ತೆ, ಆಮೇಲೆ ನನ್ನ ಕೈಲಾಗಲ್ಲ" ಅಂತ ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು. ಕೆಲಸಕ್ಕೆ ಬಾರದ ಒಂದು ಶೀಟ್ ತುಂಡಿಗೆ ಹೊಡೆಸಿ ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಬೆಳಕಿಗೆ ಹಿಡಿದರೆ ಅಲೆ ಎದ್ದು ಕಾಣುತ್ತಿತ್ತು.

ಶೀಟಿಗೆ ಮೇಸ್ತ್ರಿಯ ಗ್ರೈಂಡರೇ ಬಂತು. ಆದರೆ ಅದಕ್ಕೆ ಯಾವ ಡಿಸ್ಕ್ ಹಾಕುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಎಲ್ಲರೂ ಹಾಕುವ ವೈರ್ ಕಪ್, ಅಂದರೆ ಬಟ್ಟಲಿನಾಕಾರದ ತಂತಿ ಬ್ರಷ್, ನನಗೆ ಇಷ್ಟವಾಗಲಿಲ್ಲ. ಅದು ತುಕ್ಕನ್ನು ಉಜ್ಜಿ ಹೊಳಪು ಕೊಡುತ್ತದೆ. ಹೊರಗಿನಿಂದ ನೋಡಿದರೆ ಕ್ಲೀನ್. ಲೆನ್ಸ್ ಹಿಡಿದು ನೋಡಿದರೆ ಗುಳಿಗಳ ತಳದಲ್ಲಿ ಕಪ್ಪು ತುಕ್ಕು ಹಾಗೇ ಕೂತಿರುತ್ತದೆ. ತಂತಿಗಳೂ ಕಿತ್ತು ಹಾರುತ್ತವೆ, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಲೇಬಾರದು. ಉಪ್ಪು ಕಾಗದದ ಪಟ್ಟಿಗಳನ್ನು ಜೋಡಿಸಿದ ಫ್ಲಾಪ್ ಡಿಸ್ಕ್ ತುಕ್ಕಿನ ಜೊತೆ ಒಳ್ಳೇ ಲೋಹವನ್ನೂ ತಿನ್ನುತ್ತದೆ. ನನಗೆ ಹಿಡಿಸಿದ್ದು ಸ್ಪಂಜಿನಂತೆ ಕಾಣುವ ಕಪ್ಪು ಸ್ಟ್ರಿಪ್ ಡಿಸ್ಕ್. ಬಣ್ಣ, ಹಳೇ ಪುಟ್ಟಿ, ಮೇಲ್ಮೈ ತುಕ್ಕು ಎಲ್ಲ ತೆಗೆಯುತ್ತದೆ, ಶೀಟನ್ನು ತೆಳು ಮಾಡುವುದಿಲ್ಲ. ಬೇಗ ಸವೆಯುತ್ತದೆ, ಖರ್ಚು ಜಾಸ್ತಿ, ಆದರೂ ಅದನ್ನೇ ತಗೊಳ್ಳಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿಯೇ ಕೆಲಸ ಮಾಡಿ. ಮಕ್ಕಳನ್ನು ಆ ಕಡೆ ಬಿಡಬೇಡಿ.

ಇನ್ನು ಬಿಚ್ಚಿದ ಸಾಮಾನುಗಳು: ಬಾಗಿಲಿನ ಹಿಂಜು, ಸೀಟಿನ ರೈಲು, ಬಂಪರ್ ಬ್ರಾಕೆಟ್ಟು, ಬಾನೆಟ್ ಕೊಳವೆ, 13 ಇಂಚಿನ ರಿಮ್ಮುಗಳು. ನಿಜವಾದ ಸ್ಪರ್ಧೆ ನಡೆದದ್ದು ಇಲ್ಲಿ, ಕಾಕಂಬಿ, ಕರೆಂಟು, ನಿಂಬೆ ಉಪ್ಪಿನ ನಡುವೆ.

ಕಾಕಂಬಿ ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ. ದನದ ಆಹಾರಕ್ಕೆ ಬೆರೆಸುತ್ತಾರೆ, ಆ ವ್ಯಾಪಾರ ಮಾಡುವವರ ಹತ್ತಿರವೇ ನನಗೂ ಸಿಕ್ಕಿತು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಾಮಾನು ಪೂರ್ತಿ ಮುಳುಗಿಸಿ ಬಿಡಬೇಕು. ಅದರಲ್ಲಿರುವ ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಒಳ್ಳೇ ಕಬ್ಬಿಣ ಬಹುಪಾಲು ಹಾಗೇ ಉಳಿಯುತ್ತದೆ. ಇದರ ದೊಡ್ಡ ಗುಣ ಅಂದರೆ ನೀರು ಹೋದಲ್ಲೆಲ್ಲ ಕೆಲಸ ಮಾಡುತ್ತದೆ. ಬಾನೆಟ್ ಕೊಳವೆಯ ಒಳಗೆ, ಹಿಂಜಿನ ಪಿನ್ನಿನ ಸುತ್ತ, ಕಣ್ಣಿಗೆ ಕಾಣದ ಕಡೆಯೆಲ್ಲ ಬಿಡಿಸಿತು. ವರ್ಷಗಳಿಂದ ಅಲುಗಾಡದ ಹಿಂಜು ಕೈಯಲ್ಲೇ ತಿರುಗಿದಾಗ ನನಗಾದ ಖುಷಿ ಸಣ್ಣದಲ್ಲ. ಆದರೆ ವಾರಗಟ್ಟಲೆ ಕಾಯಬೇಕು. ಹುಳಿ ಬಂದು ನೊರೆ ಏಳುತ್ತದೆ, ವಾಸನೆ ತಡೆಯೋಕಾಗಲ್ಲ, ಇರುವೆ ನೊಣ ಮುತ್ತಿಕೊಳ್ಳುತ್ತವೆ. ಮನೆ ಹಿತ್ತಲಲ್ಲಿ ಇಡುವ ವಸ್ತು ಅಲ್ಲ ಇದು. ತೋಟದ ಮೂಲೆ ಇದ್ದವರಿಗೆ ಸರಿ. ಅಲ್ಯೂಮಿನಿಯಂ, ಸತು ಬೆರೆತ ಎರಕದ ಸಾಮಾನು ಮಾತ್ರ ಮುಳುಗಿಸಬೇಡಿ, ಅವನ್ನು ತಿಂದುಹಾಕುತ್ತದೆ. ಕಾರ್ಬುರೇಟರ್ ಹತ್ತಿರಕ್ಕೂ ತರಬೇಡಿ.

ಕರೆಂಟಿನ ವಿಧಾನಕ್ಕೆ ವಾಷಿಂಗ್ ಸೋಡಾ ಬೆರೆಸಿದ ನೀರು, ಹನ್ನೆರಡು ವೋಲ್ಟಿನ ಬ್ಯಾಟರಿ ಚಾರ್ಜರ್, ಕಟ್ಟಡದ ಕಬ್ಬಿಣದ ಕಂಬಿ ಇಷ್ಟು ಸಾಕು. ಸೋಡಾ ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಷ್ಟು. ಸಾಮಾನಿಗೆ ಮೈನಸ್, ಕಂಬಿಗೆ ಪ್ಲಸ್. ಉಲ್ಟಾ ಕೊಟ್ಟರೆ ಸಾಮಾನೇ ಕರಗುತ್ತದೆ. ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರೇ ಬೇಕು. ಹೊಸ ಆಟೋಮ್ಯಾಟಿಕ್ ಚಾರ್ಜರುಗಳಲ್ಲಿ ಹಲವು ಎದುರಿಗೆ ಬ್ಯಾಟರಿ ಇಲ್ಲದಿದ್ದರೆ ಕರೆಂಟೇ ಬಿಡುವುದಿಲ್ಲ. ಕಂಬಿಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತದೆ. ಸೋಡಾ ಬದಲು ಅಡಿಗೆ ಉಪ್ಪೂ ಬೇಡ, ಕ್ಲೋರಿನ್ ಅನಿಲ ಏಳುತ್ತದೆ. ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ. ಬಯಲಲ್ಲಿ ಮಾಡಿ, ಬೀಡಿ ಬೆಂಕಿ ದೂರ ಇಡಿ. ವೈರ್ ತೆಗೆಯುವ ಮೊದಲು ಚಾರ್ಜರ್ ಆಫ್ ಮಾಡಿ.

ಇಷ್ಟೆಲ್ಲ ಎಚ್ಚರಿಕೆ ಹೇಳಿದರೂ ರಿಮ್ಮುಗಳಿಗೆ ನಾನು ಆರಿಸಿದ್ದು ಇದನ್ನೇ. ರಾತ್ರಿ ಹಾಕಿದರೆ ಬೆಳಿಗ್ಗೆಗೆ ಹಳೇ ಬಣ್ಣವೂ ಬಹಳಷ್ಟು ಸಡಿಲವಾಗಿರುತ್ತದೆ. ಕಪ್ಪು ಪುಡಿಯನ್ನು ಬ್ರಷ್ಷಿನಿಂದ ಉಜ್ಜಿದರೆ ಉದುರುತ್ತದೆ. ಒಳ್ಳೇ ಲೋಹಕ್ಕೆ ಸವಕಳಿ ಇಲ್ಲ. ನಮ್ಮೂರಲ್ಲಿ ಇನ್ನೊಂದು ಅನುಕೂಲ ಇದೆ. ಮಧ್ಯೆ ಕರೆಂಟು ಹೋದರೂ ತೊಂದರೆ ಇಲ್ಲ. ಸೋಡಾ ನೀರು ಕ್ಷಾರ, ಅದರಲ್ಲಿ ಮುಳುಗಿರುವ ಕಬ್ಬಿಣ ಸುಮ್ನೆ ಕೂತಿರುತ್ತದೆ, ಮತ್ತೆ ತುಕ್ಕು ಹಿಡಿಯುವುದಿಲ್ಲ. ಕಾಕಂಬಿಗೆ ಹೋಲಿಸಿದರೆ ಕೊರತೆ ಒಂದೇ. ಕಂಬಿಗೆ ಎದುರಾಗಿರುವ ಮುಖ ಮಾತ್ರ ಚೆನ್ನಾಗಿ ಬಿಡುತ್ತದೆ. ರಿಮ್ಮನ್ನು ತಿರುಗಿಸಿ ಇಡಬೇಕು, ಇಲ್ಲವೇ ಸುತ್ತಲೂ ಕಂಬಿ ನಿಲ್ಲಿಸಬೇಕು. ಕೊಳವೆಯ ಒಳಗಂತೂ ಹೋಗುವುದೇ ಇಲ್ಲ.

ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್ ಅನ್ನು, ನಾನು ಕಡೆಯಲ್ಲಿ ಸುಮ್ಮನೆ ನೋಡೋಣ ಅಂತ ತಂದೆ. ಈಗ ಶೆಡ್ಡಿನಲ್ಲಿ ಅದು ಯಾವಾಗಲೂ ಇರುತ್ತದೆ. ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ. ಮೊದಲು ಗ್ರೀಸು, ಎಣ್ಣೆ ಪೂರ್ತಿ ತೊಳೆದಿರಬೇಕು, ಇಲ್ಲದಿದ್ದರೆ ಆಸಿಡ್ ಒಳಗೆ ಇಳಿಯುವುದೇ ಇಲ್ಲ. ಸಣ್ಣ ಬೋಲ್ಟು, ಬ್ರಾಕೆಟ್ಟು ಕೆಲವೇ ಗಂಟೆಗಳಲ್ಲಿ ಬೂದು ಬಣ್ಣಕ್ಕೆ ಬರುತ್ತವೆ. ವಾಸನೆ ಇಲ್ಲ, ಕರೆಂಟಿಲ್ಲ, ಮೂಲೆಗೂ ಹೋಗುತ್ತದೆ, ಬೆಲೆಯೂ ಕಡಿಮೆ. ಆದರೆ ಇದನ್ನು ಕಾಕಂಬಿಯಂತೆ ಹಾಕಿ ಮರೆಯುವಂತಿಲ್ಲ. ತುಕ್ಕು ಮುಗಿದ ಮೇಲೆ ಒಳ್ಳೇ ಕಬ್ಬಿಣವನ್ನೂ ನಿಧಾನಕ್ಕೆ ತಿನ್ನಲು ಶುರು ಮಾಡುತ್ತದೆ. ತೆಗೆದ ಮೇಲೆ ಸೋಡಾ ನೀರಲ್ಲಿ ಅದ್ದಿ, ಬಿಸಿ ನೀರಲ್ಲಿ ತೊಳೆದು, ಕೂಡಲೇ ಒಣಗಿಸಬೇಕು.

ತುಮಕೂರಿನಲ್ಲಿ ಇದ್ದು ಹುಣಸೆಹಣ್ಣನ್ನು ಬಿಡೋದು ಹೇಗೆ? ಎಪಿಎಂಸಿ ಯಾರ್ಡಿನಲ್ಲಿ ಸೀಸನ್ನಿಗೆ ರಾಶಿ ರಾಶಿ ಬರುತ್ತದೆ. ಹಿತ್ತಾಳೆ ಚೆಂಬು ತೊಳೆಯುವ ಹುಳಿ ತಾನೇ ಅಂತ ಅದರ ರಸದಲ್ಲೂ ಕೆಲವು ಬೋಲ್ಟ್ ಹಾಕಿದೆ. ಅದರ ಟಾರ್ಟಾರಿಕ್ ಆಸಿಡ್ ತುಕ್ಕನ್ನು ಬಿಡಿಸುತ್ತದೆ, ನಿಜ. ಆದರೆ ನಿಂಬೆ ಉಪ್ಪಿಗಿಂತ ತೀರಾ ನಿಧಾನ, ನಾರು ತಿರುಳಿನ ರಂಪ ಬೇರೆ. ಹಿತ್ತಾಳೆಯ ಸಾಮಾನಿಗೆ ಇಟ್ಟುಕೊಳ್ಳಿ, ಕಬ್ಬಿಣಕ್ಕೆ ಬೇಡ.

ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕಿಗೂ ನಿಂಬೆ ಉಪ್ಪೇ ಗೆದ್ದಿತು. ಚೆನ್ನಾಗಿ ತೊಳೆದು, ಬಿಸಿ ದ್ರಾವಣ ತುಂಬಿ, ಒಳಗೆ ಒಂದು ಸಣ್ಣ ಸರಪಳಿ ಹಾಕಿ ಕುಲುಕಿದೆ. ಕಾಕಂಬಿ ಹಾಕಿದ್ದರೆ ಅದರ ಅಂಟನ್ನು ಮೂಲೆಗಳಿಂದ ತೊಳೆದು ತೆಗೆಯುವುದೇ ಒಂದು ಕೆಲಸ. ಖಾಲಿ ಟ್ಯಾಂಕಿಗೆ ಗ್ರೈಂಡರ್, ವೆಲ್ಡಿಂಗ್ ಮುಟ್ಟಿಸಬೇಡಿ. ವರ್ಷಗಳಿಂದ ಒಣಗಿದ್ದರೂ ಆವಿ ಉಳಿದಿರುತ್ತದೆ, ಸಿಡಿಯುತ್ತದೆ.

ಒಂದು ಭಾಗವನ್ನು ಮಾತ್ರ ಈ ಮೂರರಲ್ಲೂ ಹಾಕಲಿಲ್ಲ. ಅದು ಹಿಂದಿನ ಅಡ್ಡ ಪಟ್ಟಿ ಸ್ಪ್ರಿಂಗ್. ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೆ ಅದು ಪೆಡಸಾಗಿ, ಭಾರ ಬಿದ್ದಾಗ ಮುರಿಯಬಹುದು. ಆಸಿಡ್ಡಿನಿಂದಲೂ ಕರೆಂಟಿನಿಂದಲೂ ಆ ಅಪಾಯ ಇದೆ. ಸ್ಪ್ರಿಂಗ್, ಗಡಸು ಬೋಲ್ಟುಗಳಿಗೆ ಕೈಯಲ್ಲಿ ಹಿಡಿಯುವ ವೈರ್ ಬ್ರಷ್ಷೇ ಸರಿ, ಎಷ್ಟು ಹೊತ್ತಾದರೂ ಆಗಲಿ.

ರಸ್ಟ್ ಕನ್ವರ್ಟರ್ ಅಂತ ಬಾಟಲಿಗಳಲ್ಲಿ ಸಿಗುವುದರ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಫಾಸ್ಪರಿಕ್ ಅಥವಾ ಟ್ಯಾನಿಕ್ ಆಸಿಡ್ ತೆಳು ತುಕ್ಕನ್ನು ಗಟ್ಟಿಯಾದ ಕಪ್ಪು ಪದರ ಮಾಡುತ್ತದೆ. ಪದರವಾಗಿ ಎದ್ದ ತುಕ್ಕಿನ ಮೇಲೆ ಬಳಿದರೆ ಮೇಲಿನದು ಕಪ್ಪಾಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ಸ್ಟ್ರಿಪ್ ಡಿಸ್ಕ್ ಆಡಿಸಿದ ಮೇಲೆ ಗುಳಿಗಳಲ್ಲಿ ಉಳಿಯುವ ಚುಕ್ಕೆಗಳಿಗೆ ಒಳ್ಳೇದು. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಯಾವ ದಾರಿ ಹಿಡಿದರೂ ಬೆತ್ತಲೆ ಕಬ್ಬಿಣ ಬಹಳ ಹೊತ್ತು ಕಾಯುವುದಿಲ್ಲ. ಮಳೆಗಾಲದಲ್ಲಿ ಬ್ಲಾಸ್ಟಿಂಗ್ ಆದ ಚಾಸಿ ಕೆಲವೇ ಗಂಟೆಗಳಲ್ಲಿ ಕೆಂಪಗಾಗುತ್ತದೆ. ಪ್ರೈಮರ್ ಹೊಡೆಯುವವರು ಅದೇ ದಿನ ಅಲ್ಲೇ ಇರುವಂತೆ ನೋಡಿಕೊಂಡು ಆಮೇಲೆ ಬ್ಲಾಸ್ಟಿಂಗಿಗೆ ಕೊಡಿ. ನಾನು ಬೇಸಿಗೆಯನ್ನೇ ಆರಿಸಿಕೊಂಡೆ. ಕೈ ಬೆವರಿನ ಗುರುತೂ ತುಕ್ಕಾಗುತ್ತದೆ, ಗ್ಲೌಸ್ ಹಾಕಿಯೇ ಮುಟ್ಟಿ. ಪ್ರೈಮರಿನಲ್ಲಿ ಎಲ್ಲರಿಗೂ ಗೊತ್ತಿರುವ ರೆಡ್ ಆಕ್ಸೈಡ್ ಅಗ್ಗ, ಆದರೆ ಎಪಾಕ್ಸಿ ತೇವವನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಚಾಸಿಗೂ ಫ್ಲೋರಿಗೂ ಎಪಾಕ್ಸಿ ಹಾಕಿಸಿದೆ. ಆಸಿಡ್ ಅಂಶ ಉಳಿದಿದ್ದರೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಮೇಲೆ ತೊಳೆಯುವ ಮಾತನ್ನು ಅಷ್ಟು ಒತ್ತಿ ಹೇಳಿದ್ದು. ಚಾಸಿಯ ತೊಲೆಗಳ ಒಳಗೆ, ಸಿಲ್ಲಿನ ಒಳಗೆ, ಬಾಗಿಲಿನ ಕೆಳ ಮಡಿಕೆಯಲ್ಲಿ ಯಾವ ಪ್ರೈಮರೂ ಪೂರ್ತಿ ತಲುಪದು. ಅಲ್ಲಿಗೆ ಬಣ್ಣ ಎಲ್ಲ ಮುಗಿದ ಮೇಲೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ತೂತುಗಳು ಆ ಮೇಣದಿಂದ ಮುಚ್ಚಿಕೊಂಡಿದ್ದರೆ ಒಂದು ಕಡ್ಡಿ ಹಾಕಿ ಬಿಡಿಸಿಕೊಳ್ಳಿ.