ಹಾಲು ಕರೆಯುವ ಮೂರು ರೀತಿ: ಹೆಬ್ಬೆರಳಿಗೆ ಯಾವುದು ಹಗುರ?

ಕೋಲಾರ ಸೀಮೆಯಲ್ಲಿ ಎರಡು-ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಕಟ್ಟಿಕೊಂಡು ಎರಡು ಹೊತ್ತೂ ಡೇರಿಗೆ ಹಾಲು ಹಾಕುವವರು ನೋವು ಅಂತ ತೋರಿಸುವುದು ಹೆಬ್ಬೆರಳ ಬುಡವನ್ನು, ಮಣಿಕಟ್ಟಿಗೆ ಸೇರುವ ಜಾಗವನ್ನು. ತುದಿಯಲ್ಲಿ 1 ಕಿಲೋ ಬಲ ಹಾಕಿ ಚಿವುಟಿದರೆ ಬುಡದ ಕೀಲಿನ ಮೇಲೆ ಬೀಳುವುದು ಸುಮಾರು 12 ಕಿಲೋ. ಕರೆಯುವ ರೀತಿ ಬದಲಾಗದೆ ಬರೀ ಎಣ್ಣೆ ತಿಕ್ಕಿದರೆ ಅದು ವಾಸಿಯಾಗುವುದಿಲ್ಲ. ಹೆಬ್ಬೆರಳು ಮಡಚಿ ಕರೆಯುವುದು, ಮುಷ್ಟಿ, ಮಿಷನ್, ಮೂರನ್ನೂ ಮಾಡಿ ನೋಡಿದ ಮೇಲಿನ ಮಾತು ಇದು.

ಹೆಬ್ಬೆರಳು ಮಡಚಿ, ಗೆಣ್ಣಿನಿಂದ ತೊಟ್ಟು ಒತ್ತಿ ಎಳೆಯುವುದು ಊರೂರಲ್ಲೂ ರೂಢಿ. ಬಿಗಿ ತೊಟ್ಟಿನ ಹಸುವಿಗೆ ಸಲೀಸು ಅನ್ನಿಸುತ್ತದೆ, ಅದಕ್ಕೇ ಬಿಡಲು ಮನಸ್ಸು ಬರುವುದಿಲ್ಲ. ಆದರೆ ಬಲವೆಲ್ಲ ಒಂದೇ ಕೀಲಿಗೆ. ಗೆಣ್ಣು ತೊಟ್ಟಿನ ಒಳಪದರವನ್ನೂ ಗಾಯ ಮಾಡಿ ಕೆಚ್ಚಲುಬಾವಿಗೆ ದಾರಿ ಮಾಡುತ್ತದೆ. ಇದನ್ನು ಬಿಟ್ಟೇಬಿಡಬೇಕು.

ಮುಷ್ಟಿಯಲ್ಲಿ ಕರೆಯುವಾಗ ಕೆಲಸ ಐದೂ ಬೆರಳಿಗೆ ಹಂಚಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು ಸೇರಿಸಿ ತೊಟ್ಟಿನ ಬುಡದಲ್ಲಿ ಉಂಗುರ ಮುಚ್ಚಿ. ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಒಂದರ ಹಿಂದೊಂದು. ಎಳೆಯಬೇಡಿ, ಒತ್ತಿ ಸಾಕು. ಉಂಗುರ ಮುಚ್ಚುವ ಮೊದಲೇ ಕೆಳಬೆರಳು ಒತ್ತಿದರೆ ಹಾಲು ವಾಪಸ್ ಕೆಚ್ಚಲಿಗೇ ಏರುತ್ತದೆ. ಪ್ರತಿಸಲ ಹಿಡಿತ ಪೂರ್ತಿ ಸಡಿಲಿಸದಿದ್ದರೆ ತೊಟ್ಟಿಗೆ ಹಾಲು ಇಳಿಯುವುದಿಲ್ಲ, ಮುಂದಿನ ಒತ್ತಿಗೆ ಬಲ ಜಾಸ್ತಿ ಬೇಕಾಗುತ್ತದೆ. ಮಣಿಕಟ್ಟು ನೇರ ನಿಲ್ಲುವಷ್ಟು ಎತ್ತರದ ಸ್ಟೂಲು ಇರಲಿ. ಬೆಚ್ಚಗಿನ ನೀರಲ್ಲಿ ಕೆಚ್ಚಲು ಒರೆಸಿ, ಹಸು ತೊರೆ ಬಿಟ್ಟ (ಹಾಲು ತೊಟ್ಟಿಗೆ ಇಳಿಬಿಟ್ಟ) ಮೇಲೆ 5ರಿಂದ 7 ನಿಮಿಷದಲ್ಲಿ ಮುಗಿಸಿ. ತಡವಾದರೆ ಉಳಿದ ಹಾಲನ್ನು ಎರಡು ಬೆರಳಲ್ಲಿ ಚಿವುಟಿ ಇಳಿಸಬೇಕಾಗುತ್ತದೆ, ಹೆಬ್ಬೆರಳಿಗೆ ಎಲ್ಲಕ್ಕಿಂತ ಕೆಟ್ಟದ್ದು ಅದೇ. ಮೊದಲ ಸೂಲಿನ ಹಸುವಿನ ಗಿಡ್ಡ ತೊಟ್ಟಿಗೆ ಮಾತ್ರ ಮುಷ್ಟಿ ಹಿಡಿಸುವುದಿಲ್ಲ, ಇದರ ದೊಡ್ಡ ಕೊರತೆ ಇದು.

ಮಿಷನ್ ಬಂದರೆ ಚಿವುಟುವ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದರೂ ಭಾರ ಬೇರೆ ಕಡೆ ಕಾದಿರುತ್ತದೆ. ತೊಟ್ಟಿಗೆ ಹಾಕುವ ಕಪ್ಪಿನೊಳಗಿನ ರಬ್ಬರ್ ಲೈನರ್‌ಗಳನ್ನು 2500 ಕರೆತಕ್ಕೆ ಇಲ್ಲವೇ ಆರು ತಿಂಗಳಿಗೆ ಬದಲಿಸಬೇಕು. ಮೂರು ಹಸುವಿಗೆ ಆರು ತಿಂಗಳೇ ಮೊದಲು ಬರುತ್ತದೆ. ಹೊಸ ರಬ್ಬರನ್ನು ಹಾಗೇ ಎಳೆದು ಕೂರಿಸಲು ಹೋದರೆ ಹೆಬ್ಬೆರಳಿಗೆ ಪೆಟ್ಟು. ಬಿಸಿನೀರಲ್ಲಿ ಅದ್ದಿ ಮೆತ್ತಗಾದ ಮೇಲೆ ಕೂರಿಸಿ. ಹಾಲು ನಿಂತ ಕೂಡಲೇ ವ್ಯಾಕ್ಯೂಮ್ ಮುಚ್ಚಿ ಕಪ್ಪು ತೆಗೆಯಿರಿ, ಖಾಲಿ ಕೆಚ್ಚಲಿನ ಮೇಲೆ ಬಿಟ್ಟರೆ ತೊಟ್ಟು ಕೆಡುತ್ತದೆ. ಕರೆಂಟ್ ಹೋದ ದಿನ ಮುಷ್ಟಿ ಬಾರದವರು ಮತ್ತೆ ಹೆಬ್ಬೆರಳು ಮಡಚುತ್ತಾರೆ. ಹಾಗಾಗಿ ಮಿಷನ್ ಇದ್ದವರೂ ಮುಷ್ಟಿ ಕಲಿತಿರಲೇಬೇಕು.

ಕೈ ಚೆನ್ನಾಗಿದ್ದು ಒಂದೆರಡು ಹಸು ಇದ್ದರೆ ಮುಷ್ಟಿಯೇ ಸರಿ, ಮಿಷನ್ ತೊಳೆಯುವ ಹೊತ್ತಿಗೆ ಕರೆದು ಮುಗಿದಿರುತ್ತದೆ. ಡಬ್ಬದ ಮುಚ್ಚಳ ತಿರುಗಿಸಿದರೂ ಹೆಬ್ಬೆರಳ ಬುಡ ಚುಚ್ಚುವವರು ಎರಡೇ ಹಸು ಇದ್ದರೂ ಮಿಷನ್‌ಗೆ ಹೋಗುವುದು ಒಳ್ಳೆಯದು. ಹೆಬ್ಬೆರಳಿಗೆ ಆಸರೆಯಾಗಿ ಕಟ್ಟುವ ಬಟ್ಟೆಯ ಪಟ್ಟಿ ಕೊಟ್ಟಿಗೆಯಲ್ಲಿ ನೆನೆದು ಕೊಳೆಯಾಗುತ್ತದೆ, ಅದನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಿ. ಕ್ಯಾನಿನ ಸಣ್ಣ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ, 20 ಲೀಟರ್ ತುಂಬಿದ್ದರೆ ಇಬ್ಬರು ಹಿಡಿಯಿರಿ. ಬೆಳಗ್ಗೆ ಎದ್ದು ಒಂದು ಗಂಟೆ ಕಳೆದರೂ ಎರಡೂ ಕೈಯ ಗೆಣ್ಣು ಊದಿ ಬಿಗಿದೇ ಇದ್ದರೆ ಕರೆಯುವ ರೀತಿಯನ್ನು ದೂರುತ್ತಾ ಕೂರದೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಬೇಕಾಗಬಹುದು.