ಪುಟ್ಟ ಮಗುವಿರುವ ಮನೆಗೆ ಯಾವ ನಾಯಿ? ಬೀಗಲ್, ಲ್ಯಾಬ್ರಡಾರ್, ಸ್ಪಿಟ್ಜ್ ಮತ್ತು ಊರ ನಾಯಿ

ಮಗಳಿಗೆ ಎರಡೂವರೆ ವರ್ಷ ತುಂಬಿದ ಬೇಸಿಗೆಯಲ್ಲಿ ಮನೆಗೊಂದು ನಾಯಿ ಬೇಕೆಂಬ ಮಾತು ನಮ್ಮಲ್ಲಿ ಗಟ್ಟಿಯಾಯಿತು. ನಾನೂ ನನ್ನ ಪತಿಯೂ ನಾಯಿ ಇದ್ದ ಮನೆಗಳಲ್ಲೇ ಬೆಳೆದವರು. ಆದರೆ ನಮ್ಮ ಬಾಲ್ಯದ ನಾಯಿಗಳು ಅಂಗಳದಲ್ಲಿ, ಕೊಟ್ಟಿಗೆಯ ಬದಿಯಲ್ಲಿ ಇದ್ದವೇ ಹೊರತು ಮಗು ಆಡುವ ಚಾವಡಿಯೊಳಗೆ ಕಾಲಿಟ್ಟವಲ್ಲ. ಹನ್ನೆರಡು ಹದಿಮೂರು ವರ್ಷ ಬಾಳುವ ಜೀವವನ್ನು ತಂದು, ಹೊಂದಲಿಲ್ಲವೆಂದು ಇನ್ನೊಬ್ಬರ ಕೈಗೆ ದಾಟಿಸುವುದು ನಮ್ಮಿಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ನೆಂಟರು, ಸ್ನೇಹಿತರು ಊರಿಗೆ ಹೋಗುವಾಗ ಅವರ ನಾಯಿಗಳನ್ನು ನಮ್ಮಲ್ಲಿ ಇರಿಸಿಕೊಂಡು ನೋಡುವುದೆಂದು ತೀರ್ಮಾನಿಸಿದೆವು. ಜೂನ್‌ನಿಂದ ನವೆಂಬರ್‌ವರೆಗೆ ಹೀಗೆ ನಾಲ್ಕು ನಾಯಿಗಳು ನಮ್ಮ ಮನೆಯಲ್ಲಿದ್ದವು. ನಾಲ್ಕನೆಯದು ಇಂದಿಗೂ ಇದೆ.

ಶುರುವಿನಲ್ಲಿ ನಾವು ಕೇಳಿಕೊಂಡ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ ಆಗಿತ್ತು: ಮಗು ಬಾಲ ಎಳೆದರೆ ಯಾವ ತಳಿ ಸುಮ್ಮನಿರುತ್ತದೆ? ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಪ್ರಶ್ನೆ ಅರ್ಧ ಮಾತ್ರ ಎಂದು ತಿಳಿಯಿತು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವ ಈ ಕರಾವಳಿಯಲ್ಲಿ, ನಾಯಿಯ ತಾಳ್ಮೆಯನ್ನು ಅದರ ಚರ್ಮದಿಂದ, ಕಿವಿಯಿಂದ ಬೇರೆ ಮಾಡಿ ನೋಡಲಾಗದು. ಮೈಯಲ್ಲಿ ನೋವಿರುವ ನಾಯಿ, ಅದು ಎಷ್ಟೇ ಸಾಧುವಾದ ತಳಿಯದಾಗಿರಲಿ, ಮಗುವಿನ ಕೈಯನ್ನು ಸಹಿಸುವುದಿಲ್ಲ.

ಇದನ್ನು ನಮಗೆ ಕಲಿಸಿದ್ದು ಮೊದಲು ಬಂದ ಬೀಗಲ್. ಆಗ ನಾವು ಮಂಗಳೂರಿನ ಬಿಜೈಯಲ್ಲಿ, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಇದ್ದೆವು. ನನ್ನ ಸಹೋದ್ಯೋಗಿಯೊಬ್ಬರು ಮೂರು ವಾರ ದುಬೈಗೆ ಹೋಗುವಾಗ ತಮ್ಮ ಮೂರು ವರ್ಷದ ಗಂಡು ಬೀಗಲನ್ನು ನಮ್ಮಲ್ಲಿ ಬಿಟ್ಟರು. ಹನ್ನೊಂದು ಕೆ.ಜಿ. ತೂಕದ, ಮಗಳ ಸೊಂಟದಷ್ಟು ಎತ್ತರದ ನಾಯಿ. ಮೊದಲ ಹತ್ತು ದಿನ ಮಾತ್ರ ಲೆಕ್ಕಕ್ಕೆ ಹಿಡಿದರೆ ನಾಲ್ಕರಲ್ಲಿ ಇದಕ್ಕೇ ನನ್ನ ಮೊದಲ ಸ್ಥಾನ. ಮಗಳು ಕಿವಿ ಹಿಡಿದರೆ ತಲೆ ಕೊಡವಿ ಎದ್ದು ಹೋಗುತ್ತಿತ್ತು, ಮರುಗಳಿಗೆಯಲ್ಲಿ ತಾನಾಗಿ ಮರಳಿ ಬಂದು ಅವಳ ಕಾಲಬುಡದಲ್ಲಿ ಮಲಗುತ್ತಿತ್ತು. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದು ಹಿಂಡುಹಿಂಡಾಗಿ ಸಾಕಿದ ತಳಿ ಇದು. ಜೊತೆಯವರೊಡನೆ ಕಚ್ಚಾಡುವ ನಾಯಿಗೆ ಆ ಹಿಂಡಿನಲ್ಲಿ ಜಾಗವಿರಲಿಲ್ಲ. ಅದರ ಸ್ನೇಹವೂ ಅಲ್ಲಿಂದಲೇ ಬಂದದ್ದು, ಒಂಟಿತನವನ್ನು ತಾಳಲಾರದ ಗುಣವೂ ಅಲ್ಲಿಂದಲೇ ಬಂದದ್ದು. ನಾವು ಕೆಲಸಕ್ಕೆ ಹೋದ ಮೇಲೆ ಅತ್ತೆ ಮಗುವನ್ನು ಕರೆದುಕೊಂಡು ಅರ್ಧ ಗಂಟೆ ಕೆಳಗಿಳಿದರೆ ಸಾಕು, ಮೂರೂ ಮಹಡಿಗೆ ಕೇಳುವಂತೆ ಊಳಿಡುತ್ತಿತ್ತು. ಕೆಳಗಿನ ಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವವರಿದ್ದರು. ಅವರ ದೂರು ನ್ಯಾಯವಾದದ್ದೇ.

ಜೂನ್ ಎರಡನೆಯ ವಾರದಲ್ಲಿ ಮಳೆ ಹಿಡಿಯಿತು. ನಾಲ್ಕೈದು ದಿನಗಳಲ್ಲಿ ನಾಯಿ ಹಿಂಗಾಲಿನಿಂದ ಕಿವಿ ಕೆರೆಯತೊಡಗಿತು. ಜೋತುಬಿದ್ದ ಆ ಉದ್ದ ಕಿವಿಯನ್ನು ಎತ್ತಿ ನೋಡಿದಾಗ ಒಳಗೆ ಕಂದುಬಣ್ಣದ ಜಿಡ್ಡು, ಹುಳಿ ಹೆಚ್ಚಾದ ದೋಸೆಹಿಟ್ಟಿನಂಥ ವಾಸನೆ. ಗಾಳಿಯಾಡದ ಕಿವಿಯಲ್ಲಿ ತೇವ ನಿಂತು ಶಿಲೀಂಧ್ರ ಬೆಳೆದಿದೆ ಎಂದು ಪಶುವೈದ್ಯರು ಹೇಳಿ, ತೊಳೆಯುವ ದ್ರಾವಣವನ್ನೂ ಹನಿಮದ್ದನ್ನೂ ಕೊಟ್ಟರು. ಅದೇ ಸಂಜೆ ಮಗಳು ಅಭ್ಯಾಸದಂತೆ ಕಿವಿಗೆ ಕೈ ಹಾಕಿದಳು, ನಾಯಿ ಮೊದಲ ಬಾರಿಗೆ ಗುರುಗುಟ್ಟಿತು. ನಾನು ಮೊಳದಷ್ಟು ದೂರದಲ್ಲೇ ಇದ್ದೆ, ಅನಾಹುತವಾಗಲಿಲ್ಲ. ಒಂದು ವಾರದ ಹಿಂದೆ ಅದೇ ಕೈಗೆ ತಲೆಯೊಡ್ಡಿದ್ದ ನಾಯಿ ಅದು. ತಳಿಯ ಸ್ವಭಾವವೆಂದು ನಾವು ನಂಬಿದ್ದು ದೇಹ ಸುಖವಾಗಿರುವ ತನಕ ಮಾತ್ರ ನಿಲ್ಲುತ್ತದೆ ಎಂಬುದು ಆಗ ಮನಸ್ಸಿಗೆ ನಾಟಿತು.

ಜುಲೈಯಲ್ಲಿ ಉಡುಪಿಯ ಅಂಬಲಪಾಡಿಯ ಸಮೀಪ ಆರು ಸೆಂಟ್ಸ್ ಜಾಗದ ಹಳೆಯ ಮನೆಗೆ ಬಂದೆವು. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಅಕ್ಕ, ಬಾವ ವಿದೇಶದಲ್ಲಿದ್ದುದರಿಂದ ಅವರ ಲ್ಯಾಬ್ರಡಾರ್ ನಮ್ಮಲ್ಲಿತ್ತು. ನಾಲ್ಕು ವರ್ಷದ ಹೆಣ್ಣುನಾಯಿ, 31 ಕೆ.ಜಿ. ತೂಕ. ಮಗಳು ಆಗ 13 ಕೆ.ಜಿ. ಇದ್ದಳು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ಲ್ಯಾಬ್ರಡಾರ್ ಕೊಳ್ಳಬೇಕೆಂದಿರುವ ಎಲ್ಲ ತಂದೆತಾಯಿಯರಲ್ಲಿ ನಾನು ಕೇಳಿಕೊಳ್ಳುತ್ತೇನೆ. ಎರಡು ತಿಂಗಳಲ್ಲಿ ಆ ನಾಯಿ ಒಮ್ಮೆಯೂ ಗುರುಗುಟ್ಟಲಿಲ್ಲ, ಹಲ್ಲು ತೋರಲಿಲ್ಲ. ಆದರೆ ಮಗಳು ಅದರಿಂದಾಗಿ ಐದು ಬಾರಿ ಬಿದ್ದಳು. ಒಂದು ಬೆಳಿಗ್ಗೆ ಅವಳು ಕೈಯಲ್ಲಿ ನೀರುದೋಸೆ ಹಿಡಿದು ಚಾವಡಿಗೆ ಓಡಿಬಂದಳು. ನಾಯಿ ಮೃದುವಾಗಿಯೇ ದೋಸೆಯ ತುದಿಯನ್ನು ಬಾಯಲ್ಲಿ ಹಿಡಿಯಿತು, ಮಗು ಬಿಡಲಿಲ್ಲ, ತೇವದಿಂದ ಜಾರುತ್ತಿದ್ದ ನೆಲದಲ್ಲಿ ಇಬ್ಬರೂ ಒಂದು ಸುತ್ತು ತಿರುಗಿದರು, ಅವಳ ಹಿಂದಲೆ ಹೊಸ್ತಿಲಿಗೆ ತಾಗಿತು. ಊದಿಕೊಂಡ ಗಾಯದ ಮೇಲೆ ಮಂಜುಗಡ್ಡೆ ಇಟ್ಟು ರಾತ್ರಿಯವರೆಗೆ ಅವಳನ್ನು ನೋಡುತ್ತ ಕುಳಿತದ್ದು ನನಗೆ ಮರೆಯದು. ಅಲ್ಲಿ ನಾಯಿಯ ತಪ್ಪು ಏನೂ ಇರಲಿಲ್ಲ.

ತಿನಿಸಿನ ಮೇಲಿನ ಆ ಆಸೆಗೂ ಕಾರಣವಿದೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಹೊಟ್ಟೆ ತುಂಬಿದ ಭಾವವನ್ನು ಕುಂದಿಸುವ ಒಂದು ವಂಶವಾಹಿಯ ಬದಲಾವಣೆ ಇರುತ್ತದೆಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಬಿಸ್ಕತ್ತು, ಚಕ್ಕುಲಿ ಕೈಯಲ್ಲಿ ಹಿಡಿದೇ ದಿನ ಕಳೆಯುವ ಮಗುವಿರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ನಾಯಿ ದಪ್ಪಗಾಗುತ್ತದೆ, ಮೊದಲೇ ದುರ್ಬಲವಾಗಿರಬಹುದಾದ ಸೊಂಟದ ಕೀಲಿಗೆ ಭಾರ ಬೀಳುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷವಾದ್ದರಿಂದ ಮಗುವಿನ ಕೈಯ ತಿಂಡಿಯನ್ನು ದಿನವಿಡೀ ಕಾಯಬೇಕಾಗುತ್ತದೆ.

ಲ್ಯಾಬ್ರಡಾರ್ ನೀರಿನಲ್ಲಿ ಈಜುವ ತಳಿ, ಆದ್ದರಿಂದ ನಮ್ಮ ಮಳೆಗೆ ಒಗ್ಗುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಇದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್. ತಣ್ಣನೆಯ ಕಡಲಿನಲ್ಲಿ ಮೀನುಗಾರರ ಜೊತೆ ದುಡಿಯಲು ಇದಕ್ಕೆ ಎರಡು ಪದರದ ರೋಮವಿದೆ: ಮೇಲಿನದು ನೀರನ್ನು ಜಾರಿಸುತ್ತದೆ, ಒಳಗಿನದು ಶಾಖವನ್ನು ಹಿಡಿದಿಡುತ್ತದೆ. ಉಡುಪಿಯ ಆಗಸ್ಟ್‌ನಲ್ಲಿ ಬಟ್ಟೆಯೇ ಮೂರು ದಿನ ಒಣಗದಿರುವಾಗ ಆ ಒಳಪದರ ಒಣಗುವುದು ಹೇಗೆ? ಬೈರಾಸಿನಲ್ಲಿ ಒರೆಸಿ ಫ್ಯಾನಿನ ಕೆಳಗೆ ಮಲಗಿಸಿದರೂ ಬುಡದ ತೇವ ಆರಲು ಮೂರು ಗಂಟೆ ಬೇಕಾಗುತ್ತಿತ್ತು. ಬೀಗಲ್‌ಗೆ ಮುಕ್ಕಾಲು ಗಂಟೆ ಸಾಕಾಗಿತ್ತು. ಒಂದು ತಿಂಗಳಾಗುವಷ್ಟರಲ್ಲಿ ಬಾಲದ ಬುಡದಲ್ಲಿ ಅಂಗೈಯಗಲ ರೋಮ ಉದುರಿ, ಕೆಂಪಗೆ ರಸ ಒಸರುವ ಹುಣ್ಣಾಯಿತು. ದಟ್ಟ ರೋಮದ ನಡುವೆ ಉಣ್ಣಿಗಳನ್ನು ಹುಡುಕುವುದು ಇನ್ನೊಂದು ಕಷ್ಟ. ಕಾಲ್ಬೆರಳ ಸಂದಿ, ಕಿವಿಯ ಮಡಿಕೆ, ಕತ್ತಿನ ಬೆಲ್ಟಿನ ಅಡಿ, ಹೀಗೆ ದಿನವೂ ಇಪ್ಪತ್ತು ನಿಮಿಷ ಅದಕ್ಕೇ ಹೋಗುತ್ತಿತ್ತು. ಉಣ್ಣಿಯಿಂದ ಬರುವ ಜ್ವರ ನಾಯಿಯ ರಕ್ತಕಣಗಳನ್ನೇ ತಿನ್ನುವಂಥದ್ದಾದ್ದರಿಂದ ಅಸಡ್ಡೆ ಮಾಡುವಂತಿಲ್ಲ.

ಇಷ್ಟಾದರೂ ಮಗುವಿಗೆ ಆರು ವರ್ಷ ದಾಟಿದ್ದು, ಹಗಲು ಹೊತ್ತು ಮನೆಯಲ್ಲಿ ಗಟ್ಟಿಮುಟ್ಟಾದ ಹಿರಿಯರೊಬ್ಬರಿದ್ದರೆ ನಾನು ಲ್ಯಾಬ್ರಡಾರ್ ಬೇಡವೆನ್ನಲಾರೆ. ಅಷ್ಟು ಒಳ್ಳೆಯ ಮನಸ್ಸಿನ ನಾಯಿಯನ್ನು ನಾನು ಬೇರೆ ಕಂಡಿಲ್ಲ. ಆದರೆ ಅದನ್ನು ಕೊಳ್ಳುವ ಬಗೆಯಲ್ಲಿ ಎಚ್ಚರ ಬೇಕು. ಬಾವ ಇದಕ್ಕಿಂತ ಮೊದಲು ಮಾರಾಟಗಾರರೊಬ್ಬರಿಂದ ತಂದ ಮರಿ, ನಲವತ್ತೈದು ದಿನದ್ದೆಂದು ಹೇಳಿ ಕೊಟ್ಟದ್ದು, ಒಂಬತ್ತನೆಯ ದಿನಕ್ಕೆ ರಕ್ತಭೇದಿಯಾಗಿ ಪಾರ್ವೊ ರೋಗದಿಂದ ಸತ್ತಿತು. ಒಂದೇ ಒಂದು ಚುಚ್ಚುಮದ್ದೂ ಆಗಿರಲಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವೇ ಇದ್ದರೂ ‘ನಲವತ್ತೈದು ದಿನದ ಮರಿ’ ಎಂಬುದು ನಮ್ಮಲ್ಲಿ ರೂಢಿಯ ಮಾತಾಗಿಬಿಟ್ಟಿದೆ. ಆ ವಯಸ್ಸಿನಲ್ಲೇ ಮರಿ ತನ್ನ ಒಡಹುಟ್ಟಿದವುಗಳೊಡನೆ ಆಡುತ್ತ, ಎಷ್ಟು ಗಟ್ಟಿಯಾಗಿ ಕಚ್ಚಿದರೆ ಎದುರಿಗಿರುವುದಕ್ಕೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಅದನ್ನು ಕಲಿಯದೆ ಬಂದ ಮರಿ ಆ ಪಾಠವನ್ನು ಮಗುವಿನ ಕೈಯ ಮೇಲೆ ಕಲಿಯುತ್ತದೆ.

ನವರಾತ್ರಿಯ ಹತ್ತು ದಿನ ಸುರತ್ಕಲ್‌ನ ನನ್ನ ತವರುಮನೆಯ ಸ್ಪಿಟ್ಜ್ ಬಂತು. ಎಲ್ಲರೂ ಅದನ್ನು ಪೊಮೇರಿಯನ್ ಎನ್ನುತ್ತಾರೆ. ನಿಜವಾದ ಪೊಮೇರಿಯನ್ ಮೂರು ಕೆ.ಜಿ.ಯನ್ನೂ ಅಪರೂಪಕ್ಕೆ ದಾಟುತ್ತದೆ, ನಮ್ಮ ಮನೆಗಳಲ್ಲಿರುವ ಆರು ಕೆ.ಜಿ.ಯ ಬಿಳಿನಾಯಿ ಇಂಡಿಯನ್ ಸ್ಪಿಟ್ಜ್. ಚಿಕ್ಕ ನಾಯಿ ಚಿಕ್ಕ ಮಗುವಿಗೆ ಕ್ಷೇಮ ಎಂಬ ನಂಬಿಕೆಯನ್ನು ಈ ಹತ್ತು ದಿನಗಳು ಅಳಿಸಿಹಾಕಿದವು. ಮಗು ಅದನ್ನು ಎತ್ತಿಕೊಳ್ಳಲು ನೋಡುತ್ತದೆ, ಎತ್ತಿ ಬೀಳಿಸಿದರೆ ಅದರ ಕಾಲು ಮುರಿಯಬಹುದು, ನಾಯಿಗೂ ಆ ಭಯ ಇದೆ. ಮಗಳು ಹತ್ತಿರ ಬಂದಾಗಲೆಲ್ಲ ಅದು ತುಟಿ ನೆಕ್ಕಿಕೊಳ್ಳುತ್ತಿತ್ತು, ಮುಖ ತಿರುಗಿಸುತ್ತಿತ್ತು, ಕಣ್ಣಂಚಿನ ಬಿಳಿ ಕಾಣುತ್ತಿತ್ತು. ಆರನೆಯ ದಿನ ಸೋಫಾದ ಮೂಲೆಯಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲದಾಗ ಅವಳ ಕೆನ್ನೆಯ ಹತ್ತಿರ ಗಾಳಿಯಲ್ಲಿ ಹಲ್ಲು ಕಡಿಯಿತು. ಅಲ್ಲಿಂದ ಮುಂದೆ ಅದನ್ನು ಅತ್ತೆಯ ಕೋಣೆಯಲ್ಲೇ ಇರಿಸಿದೆವು. ಹಿರಿಯರಿರುವ ಮನೆಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಸಿಗಲಾರದು, ಮೂರು ವರ್ಷದ ಮಗುವಿರುವ ಮನೆಗೆ ಬೇಡ.

ಮುಧೋಳದ ನಾಯಿಯನ್ನು ಬಯಸಿದ್ದೆವು, ಇರಿಸಿಕೊಂಡು ನೋಡುವ ಅವಕಾಶ ಸಿಗಲಿಲ್ಲ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮದೇ ರಾಜ್ಯದ ತಳಿಯೆಂಬ ಅಭಿಮಾನವೂ ಇತ್ತು. ಆದರೆ ಅದು ಬಾಗಲಕೋಟೆಯ ಕಡೆಯ ಒಣ ಬಯಲಿನಲ್ಲಿ ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಓಡುವ ನಾಯಿ, ಮುಟ್ಟಿಸಿಕೊಳ್ಳುವುದರಲ್ಲಿ ಬಿಗುಮಾನದ್ದು. ಆರು ಸೆಂಟ್ಸ್ ಅಂಗಳದಲ್ಲಿ ಅದನ್ನು ಕಟ್ಟಿಹಾಕುವುದು ಸರಿಯೆನಿಸಲಿಲ್ಲ.

ನವೆಂಬರ್‌ನಲ್ಲಿ, ಬೀದಿನಾಯಿಗಳನ್ನು ಆರೈಕೆ ಮಾಡುವವರೊಬ್ಬರ ಬಳಿಯಿಂದ ಎರಡು ವರ್ಷದ ಊರ ನಾಯಿಯೊಂದನ್ನು ಹದಿನೈದು ದಿನದ ಮಟ್ಟಿಗೆ ತಂದೆವು. ಹೆಣ್ಣು, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಚುಚ್ಚುಮದ್ದುಗಳೂ ಆಗಿದ್ದವು, 17 ಕೆ.ಜಿ., ಕೆಮ್ಮಣ್ಣಿನ ಬಣ್ಣ. ಕೆಂಪಿ ಎಂದು ಹೆಸರಿಟ್ಟೆವು. ಮೊದಲ ವಾರ ಅದು ಬೆಂಚಿನ ಅಡಿಯಿಂದ ಹೊರಗೆ ಬಂದದ್ದೇ ಕಡಿಮೆ. ಮರಿಯನ್ನು ತರದೆ ಬೆಳೆದ ನಾಯಿಯನ್ನು ತಂದದ್ದಕ್ಕೆ ಕಾರಣವಿತ್ತು: ಮರಿಯ ಸ್ವಭಾವ ಊಹೆ, ಎರಡು ವರ್ಷದ ನಾಯಿಯ ಸ್ವಭಾವ ಕಣ್ಣೆದುರಿಗೇ ಇರುತ್ತದೆ. ಇದು ಮಗುವನ್ನು ಕಂಡರೆ ಮೈಮೇಲೆ ಬೀಳುವುದಿಲ್ಲ, ಹೆದರಿ ಓಡುವುದೂ ಇಲ್ಲ. ಬೇಡವೆನಿಸಿದರೆ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಮಲಗುತ್ತದೆ. ಈ ನಾಲ್ಕು ಹೆಜ್ಜೆಯ ಅಂತರವೇ ಮಗಳಿಗೆ ಪಾಠವಾಯಿತು. ಈಗ ಅವಳು ನಾಯಿಯ ಬಳಿಗೆ ಓಡುವುದಿಲ್ಲ. ಕೈಚಾಚಿ ಕುಳಿತು, ಕೆಂಪಿ ತಾನಾಗಿ ಬಂದು ಮೂಸಿದ ಮೇಲೆ ಕತ್ತಿನ ಬದಿಯನ್ನು ಸವರುತ್ತಾಳೆ.

ಮುಂದಿನ ಮಳೆಗಾಲ ನಿಜವಾದ ಪರೀಕ್ಷೆಯಾಗಿತ್ತು. ಗಿಡ್ಡ ರೋಮ, ನಿಮಿರಿದ ಕಿವಿ. ಹಳೆಯ ಬೈರಾಸಿನಲ್ಲಿ ಒರೆಸಿದರೆ ಕಾಲು ಗಂಟೆಯಲ್ಲಿ ಮೈ ಆರುತ್ತಿತ್ತು. ಉಣ್ಣಿ ಇದ್ದರೆ ದೂರದಿಂದಲೇ ಕಾಣುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮಕ್ಕೋ ಕಿವಿಗೋ ಒಂದು ದಿನವೂ ಮದ್ದು ಬೇಕಾಗಲಿಲ್ಲ. ಕುಚ್ಚಲಕ್ಕಿ ಅನ್ನಕ್ಕೆ ಉಪ್ಪು ಖಾರವಿಲ್ಲದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನು, ವಾರಕ್ಕೆರಡು ಮೊಟ್ಟೆ, ಇಷ್ಟರಲ್ಲೇ ಅದರ ಮೈ ಚೆನ್ನಾಗಿದೆ.

ದೋಷಗಳನ್ನೂ ಹೇಳಬೇಕು. ಗುಡುಗಿಗೆ, ದೀಪಾವಳಿಯ ಪಟಾಕಿಗೆ ನಡುಗುತ್ತದೆ. ಗ್ಯಾಸ್ ತರುವವರನ್ನೂ ಮೀನು ಮಾರುವವರನ್ನೂ ಇನ್ನೂ ನಂಬಿಲ್ಲ. ಎಲ್ಲಕ್ಕಿಂತ ದೊಡ್ಡದು, ಹಸಿವನ್ನು ಉಂಡು ಬೆಳೆದ ಜೀವವಾದ್ದರಿಂದ ಊಟದ ಬಟ್ಟಲನ್ನು ಕಾಯುತ್ತದೆ. ಮೂರನೆಯ ತಿಂಗಳಲ್ಲಿ ಮಗಳು ಬಟ್ಟಲ ಬಳಿ ಬಗ್ಗಿದಾಗ ತಿನ್ನುವುದನ್ನು ನಿಲ್ಲಿಸಿ, ಮೈ ಬಿಗಿಮಾಡಿ ಗುರುಗುಟ್ಟಿತು. ನಾವು ಹೊಡೆಯಲಿಲ್ಲ, ಗದರಿಸಲೂ ಇಲ್ಲ. ಗುರುಗುಟ್ಟುವುದು ಎಚ್ಚರಿಕೆ, ಅದನ್ನು ಅಡಗಿಸಿದರೆ ನಾಯಿ ಎಚ್ಚರಿಸದೆಯೇ ಕಚ್ಚಲು ಕಲಿಯುತ್ತದೆ. ಅಂದಿನಿಂದ ಕೆಂಪಿಯ ಊಟ ಹಿಂಬಾಗಿಲ ಜಗಲಿಯಲ್ಲಿ, ಬಾಗಿಲು ಹಾಕಿಕೊಂಡು. ಮಗು ಮತ್ತು ನಾಯಿ ದೊಡ್ಡವರಿಲ್ಲದೆ ಒಂದೇ ಕೋಣೆಯಲ್ಲಿ ಇರಬಾರದೆಂಬ ನಿಯಮವನ್ನು ನಾಲ್ಕೂ ನಾಯಿಗಳ ಕಾಲದಲ್ಲಿ ಪಾಲಿಸಿದ್ದೇವೆ, ಈಗಲೂ ಪಾಲಿಸುತ್ತೇವೆ.

ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ ಮೊದಲ ಸಲ, ಆಮೇಲೆ ವರ್ಷವರ್ಷವೂ. ಮೂರು ತಿಂಗಳಿಗೊಮ್ಮೆ ಜಂತುಹುಳದ ಮದ್ದು. ಯಾವ ನಾಯಿ ಕಚ್ಚಿದರೂ, ಪರಚಿದರೂ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ಅದೇ ದಿನ ಆಸ್ಪತ್ರೆಗೆ. ಇವು ತಳಿಗೆ ತಕ್ಕಂತೆ ಬದಲಾಗುವುದಿಲ್ಲ.

ಅಕ್ಕನ ಎರಡನೆಯ ಮಗು ಈಗ ನಡೆಯಲು ಕಲಿಯುತ್ತಿದೆ, ಅವರ ಲ್ಯಾಬ್ರಡಾರ್‌ಗೆ ಜೊತೆಯಾಗಿ ಇನ್ನೊಂದು ನಾಯಿ ತರಲೇ ಎಂದು ಮೊನ್ನೆ ಕೇಳಿದಳು. ಬೆಳೆದ ಊರ ನಾಯಿಯನ್ನು ತಾ, ಆದರೆ ಜೂನ್‌ನಲ್ಲಿ ಬೇಡ, ನವೆಂಬರ್‌ನಲ್ಲಿ ತಾ ಎಂದೆ. ಒಣ ಹವೆಯ ಆರು ತಿಂಗಳಲ್ಲಿ ನಾಯಿ ಮನೆಗೂ ಮಗುವಿಗೂ ಒಗ್ಗಿಕೊಳ್ಳುತ್ತದೆ. ಮೇ ತಿಂಗಳೊಳಗೆ ಇಲಿಜ್ವರದ ಚುಚ್ಚುಮದ್ದು ಮುಗಿಸಿ, ಜಗಲಿಯ ಮೂಲೆಯಲ್ಲಿ ಇರಚಲು ತಾಗದ ಒಂದು ಹಲಗೆ ಹಾಕಿಟ್ಟರೆ ಮಳೆ ಹಿಡಿದಾಗ ಅದಕ್ಕೆ ಒಣಗಿದ ಜಾಗವಿರುತ್ತದೆ.